ಸಾಮಾನ್ಯ ಸ್ಥಾನ

ಮತಪತ್ರದ ಕಟ್ಟಿಗೆ ಸುತ್ತುತ್ತಿದ್ದ ರಬ್ಬರ್ ಬ್ಯಾಂಡು ಓಟು ಎಣಿಸುವ ಮೇಷ್ಟ್ರ ಬೆರಳಿನಿಂದ ಹಾರಿ ನನ್ನ ಎದುರಾಳಿ ಗುರುಶಾಂತನ ಬಿಳಿ ಅಂಗಿಯ ಮೇಲೆ ಬಿತ್ತು, ಅವನು ಕೊಡವಿಕೊಳ್ಳಲಿಲ್ಲ, ಅವನ ಕಣ್ಣು ಮೇಜು ಬಿಟ್ಟು ಕದಲುತ್ತಿಲ್ಲ, ನನ್ನದೂ ಕದಲುತ್ತಿಲ್ಲ, ಟಾರ್ಚು, ಆಟೋ, ಆಟೋ, ಟಾರ್ಚು — ಮೇಷ್ಟ್ರು ಒಂದೊಂದೇ ಚೀಟಿ ಬಿಡಿಸುತ್ತಾರೆ, ಸೀಲು ಎಲ್ಲಿ ಬಿದ್ದಿದೆ ಎಂದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿಯುತ್ತಾರೆ, ಟಾರ್ಚಿಗೆ ಬಿದ್ದಿದ್ದರೆ ನನ್ನ ಟ್ರೇ, ಆಟೋಕ್ಕೆ ಬಿದ್ದಿದ್ದರೆ ಗುರುಶಾಂತನ ಟ್ರೇ, ತೆಂಗಿನಕಾಯಿಗೆ ಬಿದ್ದರೆ ಹುಲುಗಣ್ಣನದು, ಹುಲುಗಣ್ಣನ ಟ್ರೇಯಲ್ಲಿ ಮಾತ್ರ ಬೆಳಗಿನಿಂದ ಎರಡೇ ಚೀಟಿ, ಪಾಪ, ನನ್ನ ಚಿಕ್ಕಪ್ಪನ ಮಗ, ನಮ್ಮ ಕೇರಿಯವನೇ, ಕೇರಿಯ ಓಟು ಒಡೆಯಲಿ ಅಂತ ಗುರುಶಾಂತನೇ ಅವನನ್ನು ನಿಲ್ಲಿಸಿದ್ದು ಊರಿಗೆಲ್ಲ ಗೊತ್ತು, ಈಗ ನನ್ನ ಮುಖ ನೋಡಲಾರದೆ ಕಿಟಕಿಯ ಕಡೆ ತಿರುಗಿ ಕೂತಿದ್ದಾನೆ, ಈ ಕಾಲೇಜಿನ ಕಿಟಕಿಯ ಆಚೆ ಕೂಡ್ಲಿಗಿಯ ಹೆದ್ದಾರಿ, ಚಿತ್ರದುರ್ಗದ ಬಸ್ಸು ಹಾರ್ನ್ ಒತ್ತಿಕೊಂಡೇ ಹೋಯಿತು, ಅದರ ಸದ್ದು ಹೋದರೂ ನನ್ನ ಕಿವಿಯಲ್ಲಿ ಸದ್ದು ನಿಲ್ಲುತ್ತಿಲ್ಲ, ಅದು ಬಸ್ಸಿನದಲ್ಲ, ನನ್ನ ಎದೆಯದು. ಅವ್ವ, ಕಾಲು ಅಲ್ಲಾಡಿಸಬ್ಯಾಡ, ಮೇಜು ನಡಗಾಕತ್ತೈತಿ ಅಂತಾಳೆ ಪಕ್ಕದಲ್ಲಿ ಕೂತ ಮಗಳು ಕ್ರಾಂತಿ, ಡಿಗ್ರಿ ಎರಡನೇ ವರ್ಷ, ಇವತ್ತು ನನ್ನ ಎಣಿಕೆ ಏಜೆಂಟು, ಕೊರಳಲ್ಲಿ ಪಾಸು ನೇತುಹಾಕಿಕೊಂಡು ನೋಟುಬುಕ್ಕಿನಲ್ಲಿ ಐದೈದು ಗೀಟು ಎಳೆಯುತ್ತಿದ್ದಾಳೆ, ಒಂದು ಗೀಟೂ ಸೊಟ್ಟಗಿಲ್ಲ, ನನಗೆ ಅವಳ ವಯಸ್ಸಿನಲ್ಲಿ ನನ್ನ ಹೆಸರು ಬಿಟ್ಟು ಬೇರೇನೂ ಬರೆಯಲು ಬರುತ್ತಿರಲಿಲ್ಲ — ಟಾರ್ಚು, ಟಾರ್ಚು, ಟಾರ್ಚು, ಮೂರು ಸಾಲಾಗಿ ಬಂದವು, ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿದೆ, ಬಾಟಲಿ ಕಾಲ ಬಳಿಯೇ ಇದೆ, ಬಗ್ಗಿ ಎತ್ತಿಕೊಂಡರೆ ಒಂದು ಚೀಟಿ ತಪ್ಪೀತು, ಬೇಡ, ಆಮೇಲೆ ಕುಡಿದರಾಯಿತು.

ಮೇಷ್ಟ್ರ ಬೆನ್ನ ಹಿಂದೆ ಕಪ್ಪುಹಲಗೆ, ಅದರ ಮೇಲೆ ಸೀಮೆಸುಣ್ಣದಲ್ಲಿ ನಮ್ಮ ಪಂಚಾಯಿತಿಯ ಹೆಸರು, ಎರಡನೇ ವಾರ್ಡು, ಒಂದು ಸ್ಥಾನ, ಅದರ ಮುಂದೆ ಸಾಮಾನ್ಯ ಅಂತ ಒಂದು ಮಾತು, ಎಷ್ಟು ಸಣ್ಣ ಮಾತು, ಎಷ್ಟು ದಿನ ನಿದ್ದೆ ಕೆಡಿಸಿತು, ಕಳೆದ ಸಲ ಆ ಜಾಗದಲ್ಲಿ ಪರಿಶಿಷ್ಟ ಜಾತಿ ಮಹಿಳೆ ಅಂತ ಇತ್ತು, ಆಗ ಗುರುಶಾಂತನೇ ನಮ್ಮ ಕೇರಿಗೆ ಬಂದು ನಿಂತು — ಕೊಟ್ಟೂರಿನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವನು, ಊರಲ್ಲಿ ಅವನ ಮಾತೇ ಮಾತು — ಗಾಳೆಮ್ಮ, ನೀನು ನಿಲ್ಲು, ಉಳಿದದ್ದು ನಾ ನೋಡ್ಕೋತೀನಿ ಅಂದಿದ್ದ, ನಿಂತೆ, ಗೆದ್ದೆ, ಉಳಿದದ್ದನ್ನೆಲ್ಲ ಅವನೇ ನೋಡಿಕೊಂಡ. ಈ ಸಲ ಪಟ್ಟಿ ಬಂದಾಗ ಪಂಚಾಯಿತಿ ಕಟ್ಟೆಯ ಮೇಲೆ ಅವನ ದೊಡ್ಡಪ್ಪ ಉಜ್ಜಿನಪ್ಪ ಕಾಲ ಮೇಲೆ ಕಾಲು ಹಾಕಿ ಕೂತು, ಏನವ್ವ ಗಾಳೆಮ್ಮ, ನಿಂದು ಮೀಸಲಾತಿ ಮುಗೀತಲ್ಲ, ಇನ್ನ ಆರಾಮ ಇರು, ಜನರಲ್ ಬಂದೈತಿ ಅಂದರು, ಸಿಟ್ಟಿನಿಂದಲ್ಲ, ಮಳೆಗಾಲ ಮುಗೀತು ಅಂದ ಹಾಗೆ ಅಂದರು, ಸುತ್ತ ಕೂತವರೂ ಹೌದೌದು ಅಂದರು, ನಾನೂ ಹೌದು ಅಂದುಕೊಂಡು ಮನೆಗೆ ಬಂದೆ, ಬಂದು ರೊಟ್ಟಿ ತಟ್ಟುವಾಗ ಕೈ ತಾನಾಗಿ ನಿಂತಿತು, ಸಾಮಾನ್ಯ ಅಂದರೆ ಯಾರು, ನಾನು ಯಾರು ಹಾಗಾದರೆ. ಮಾರನೆಯ ದಿನ ಬಸ್ಸು ಹತ್ತಿ ಕೂಡ್ಲಿಗಿಗೆ ಬಂದು ಚುನಾವಣೆ ವಿಭಾಗದಲ್ಲಿ ಕೇಳಿದೆ, ಸರ, ಸಾಮಾನ್ಯ ಅಂತ ಇದ್ದಲ್ಲಿ ನಮ್ಮಂಥೋರು ನಿಲ್ಲಬಹುದೇನ್ರಿ, ಆ ಗುಮಾಸ್ತರು ಫೈಲಿನಿಂದ ತಲೆ ಎತ್ತದೆ, ಓಟರ್ ಲಿಸ್ಟ್‌ನ್ಯಾಗ ಹೆಸರಿದ್ದೋರು ಯಾರು ಬೇಕಾದ್ರೂ ನಿಲ್ಲಬಹುದಮ್ಮ, ಸಾಮಾನ್ಯ ಅಂದ್ರ ಎಲ್ಲಾರ್ದು ಅಂದರು, ಅವರಿಗೆ ಅದು ದಿನಕ್ಕೆ ಹತ್ತು ಸಲ ಹೇಳುವ ಮಾತು, ನಾನು ಬಸ್‌ಸ್ಟ್ಯಾಂಡಿನವರೆಗೆ ನಡೆದು ಬರುವಾಗ ಚಪ್ಪಲಿ ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಅನ್ನಿಸುತ್ತಿತ್ತು, ಎಲ್ಲಾರ್ದು, ಎಲ್ಲಾರ್ದು.

ಆಟೋ, ಆಟೋ, ಆಟೋ — ಅಯ್ಯೋ ಇದೇನು, ನಾಲ್ಕು, ಐದು, ಆಟೋನೇ ಬರುತ್ತಿದೆ, ಗುರುಶಾಂತ ಈಗ ಬೆನ್ನು ಹಿಂದಕ್ಕೆ ಒರಗಿಸಿದ, ಸೋತರೆ ಏನಾಗುತ್ತದೆ ಅಂತ ನನಗೆ ಗೊತ್ತು, ನನಗಾಗುವುದು ಇರಲಿ, ನನ್ನ ಜೊತೆ ಕೆರೆ ಹೂಳೆತ್ತುವ ಕೆಲಸಕ್ಕೆ ಬರುವ ಹೆಂಗಸರು ಎಂಟು ದಿನ ಗುರುಶಾಂತನವರ ದೊಡ್ಡ ಬೀದಿಯಲ್ಲಿ ಎದೆಯೆತ್ತಿ ನಡೆದು ನನಗಾಗಿ ಓಟು ಕೇಳಿದ್ದಾರೆ, ಅವರಿಗೆ ನಾಳೆಯಿಂದ ಆ ಬೀದಿಯ ಹೊಲಗಳಲ್ಲಿ ಕಳೆ ಕೀಳುವ ಕೂಲಿ ಇಲ್ಲ. ನಾಮಪತ್ರಕ್ಕೆ ಸೂಚಕರು ಬೇಕು ಅಂದಾಗ ಕೇರಿಯ ಗಂಡಸರೆಲ್ಲ ಬೇರೆ ಬೇರೆ ಊರಲ್ಲಿ ಕೆಲಸ ಇಟ್ಟುಕೊಂಡರು, ತಿಪ್ಪೇರುದ್ರಮ್ಮ ಒಬ್ಬಳು ಬಂದಳು, ಗಂಡ ಸತ್ತು ಹದಿನೈದು ವರ್ಷ, ಕೆಲಸದಲ್ಲಿ ನನಗಿಂತ ಮುಂದೆ, ಮಾತಿನಲ್ಲಿ ಎಲ್ಲರಿಗಿಂತ ಮುಂದೆ, ಎಲ್ಲಿ ಒತ್ತಬೇಕು ಹೇಳು ಅಂತ ಹೆಬ್ಬೆಟ್ಟು ಚಾಚಿದಳು. ನನ್ನ ಗಂಡ ಓಬಣ್ಣ ಹಾಸ್ಟೆಲ್ಲಿನಲ್ಲಿ ಅಡುಗೆಯವನು, ಸರ್ಕಾರಿ ಕೆಲಸ, ಪ್ರಚಾರಕ್ಕೆ ಬರುವ ಹಾಗಿಲ್ಲ, ಬೆಳಿಗ್ಗೆ ಹೊರಡುವಾಗ ನನ್ನ ಸೆರಗಿನ ಪಿನ್ನು ಸರಿ ಮಾಡಿ, ಗೆದ್ರ ಗೆದ್ದಿ, ಸೋತ್ರ ಸೋತಿ, ಮನಿಗಿ ಬಾ ಅಷ್ಟ ಅಂದ, ಅಷ್ಟು ಹೇಳಲು ಅವನು ರಾತ್ರಿಯಿಡೀ ಮಾತು ಹುಡುಕಿರಬೇಕು.

ಕಳೆದ ಸಲ ಗೆದ್ದ ಆ ಐದು ವರ್ಷದಲ್ಲಿ ಮೊದಲ ಎರಡೂವರೆ ವರ್ಷ ನಾನು ಪಂಚಾಯಿತಿ ಮೆಂಬರು ಅನ್ನುವುದು ನನಗೇ ಮರೆತುಹೋಗುತ್ತಿತ್ತು, ಗುರುಶಾಂತನ ಅಂಗಡಿ ನೋಡಿಕೊಳ್ಳುವ ಪ್ರವೀಣಕುಮಾರ್ ಬೈಕಿನಲ್ಲಿ ಠರಾವು ಪುಸ್ತಕ ತರುತ್ತಿದ್ದ, ಅಂಗಳದಲ್ಲೇ ನಿಂತು ಅತ್ತಿ, ಇಲ್ಲೊಂದು ಸಹಿ ಅನ್ನುತ್ತಿದ್ದ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಹೆಸರು ಬರೆಯಲು ಬರುತ್ತಿತ್ತಲ್ಲ, ಅದೇ ಒಂದು ಜಂಬ, ಬೆರಳೊತ್ತದೆ ಸಹಿ ಮಾಡುತ್ತೇನೆ ಅಂತ ಗಾ-ಳೆ-ಮ್ಮ ಅಂತ ದುಂಡಗೆ ಬರೆದುಕೊಡುತ್ತಿದ್ದೆ. ಒಂದು ದಿನ ಅವನು ಪುಸ್ತಕ ನನ್ನ ಕೈಗೆ ಕೊಟ್ಟು ಫೋನು ಬಂತೆಂದು ಆಚೆ ಹೋದ, ಕ್ರಾಂತಿ ಆಗ ಪಿಯುಸಿ, ಹಿಂದಿನ ಹಾಳೆ ತಿರುವಿ ಸುಮ್ಮನೆ ಓದುತ್ತಾ ಹೋದವಳು ಒಂದು ಕಡೆ ನಿಂತಳು, ಅವ್ವ, ಇದರಾಗ ನಮ್ಮ ಕೇರಿಗಿ ಬಂದ ಬೋರು ನಮಗ ಬ್ಯಾಡ, ಉಜ್ಜಿನಪ್ಪಾರ ತ್ವಾಟದ ದಾರಿಗಿ ಹಾಕಿಸ್ರಿ ಅಂತ ಐತಿ, ಕೆಳಗ ನೀನ ಸಹಿ ಮಾಡೀದಿ ಅಂದಳು. ನಾನು ನೋಡಿದೆ, ಗಾಳೆಮ್ಮ, ನನ್ನದೇ ದುಂಡನೆಯ ಅಕ್ಷರ, ಎರಡು ಬೇಸಿಗೆ ನಾನೂ ಅವಳೂ ಒಂದೂವರೆ ಕಿಲೋಮೀಟರು ನೀರು ಹೊತ್ತದ್ದು ಆ ಅಕ್ಷರದಿಂದ, ತಿಪ್ಪೇರುದ್ರಮ್ಮ ಬಿದ್ದು ಮೊಣಕಾಲು ಒಡೆದುಕೊಂಡದ್ದು ಆ ಅಕ್ಷರದಿಂದ, ಪ್ರವೀಣಕುಮಾರ್ ಒಳಗೆ ಬಂದು ಆತೇನ್ರಿ ಅತ್ತಿ ಅಂದ, ಇಲ್ಲಪ್ಪ, ಪುಸ್ತಕ ತಗೊಂಡ್ಹೋಗು, ನಾ ಮೀಟಿಂಗಿಗಿ ಬಂದು ಅಲ್ಲೇ ಸಹಿ ಮಾಡ್ತೀನಿ ಅಂದೆ, ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು, ಅವನು ನಕ್ಕ, ಆಮೇಲೆ ನಗು ಅರ್ಧಕ್ಕೆ ನಿಂತಿತು.

ಮೇಷ್ಟ್ರು ಒಂದು ಚೀಟಿ ಹಿಡಿದು ತಡೆದರು, ಸೀಲು ಎರಡು ಗುರುತಿನ ನಡುವಿನ ಗೆರೆಯ ಮೇಲೆ ಕೂತಿದೆ, ಇದು ಸಂಶಯ, ಬೇರೆ ಇಡ್ರಿ ಅಂತ ಚುನಾವಣಾಧಿಕಾರಿ ಮೇಡಂ ಹೇಳಿದರು, ಹೈಸ್ಕೂಲು ಹೆಡ್‌ಮಿಸ್ಸು, ಕನ್ನಡಕದ ಮೇಲಿಂದ ನೋಡುವವರು, ಅವರ ದನಿ ಕೇಳಿದಾಗಲೆಲ್ಲ ನನಗೆ ಹಡಗಲಿಯ ಬಸಲಿಂಗಮ್ಮನ ನೆನಪು, ಹರಪನಹಳ್ಳಿಯಲ್ಲಿ ಮೂರು ದಿನ ಮಹಿಳಾ ಸದಸ್ಯರ ತರಬೇತಿ ಇತ್ತಲ್ಲ, ಪಾಠ ಹೇಳಲು ಬಂದಿದ್ದರು, ಎರಡು ಸಲ ಮೆಂಬರಾಗಿ ಪಳಗಿದವರು, ಬೋರ್ಡಿನಲ್ಲಿ ಏನೂ ಬರೆಯಲಿಲ್ಲ, ನೋಡ್ರವ್ವ, ನೀವು ಮಾತಾಡಾಕ ನಿಂತ್ರ ಗಂಡಸ್ರು ನಡುವ ಬಾಯಿ ಹಾಕ್ತಾರ, ಹಾಕಲಿ, ಜಗಳ ಆಡಬ್ಯಾಡ್ರಿ, ಅಳಬ್ಯಾಡ್ರಿ, ಅವರು ಮುಗಿಸಿದ ಮ್ಯಾಲ ಮತ್ತ ಮೊದಲಿಂದ ಸುರು ಮಾಡ್ರಿ, ಮೊದಲ ಅಕ್ಷರದಿಂದ ಅಂದರು, ನಾವು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ ಎಲ್ಲ ಕಡೆಯ ಹೆಂಗಸರು ಜೋಡಿ ಜೋಡಿಯಾಗಿ ನಿಂತು ಅದನ್ನೇ ಅಭ್ಯಾಸ ಮಾಡಿದೆವು, ಒಬ್ಬಳು ಮಾತಾಡಬೇಕು, ಒಬ್ಬಳು ಗಂಡಸಾಗಿ ಬಾಯಿ ಹಾಕಬೇಕು, ತಂಬ್ರಹಳ್ಳಿಯ ಒಬ್ಬಾಕೆ ಮೀಸೆ ತಿರುವುವ ಹಾಗೆ ಮಾಡಿ ಏಯ್ ಸುಮ್ನ ಕುಂದ್ರವ್ವ ಅಂದದ್ದಕ್ಕೆ ಹಾಲೆಲ್ಲ ನಕ್ಕು ನಕ್ಕು ಬಿದ್ದಿತ್ತು. ಮುಂದಿನ ಮೀಟಿಂಗಿನಲ್ಲಿ ನಾನು ಎದ್ದು ನಿಂತೆ, ನಮ್ಮ ಕೇರಿಗಿ ಬಂದ ಬೋರು ಅಂದೆ, ಉಜ್ಜಿನಪ್ಪನವರ ಕಡೆಯ ಮೆಂಬರು ಬಾಯಿ ಹಾಕಿದ, ಮುಗಿಸಿದ, ನಮ್ಮ ಕೇರಿಗಿ ಬಂದ ಬೋರು ಅಂದೆ, ಇನ್ನೊಬ್ಬ, ನಮ್ಮ ಕೇರಿಗಿ ಬಂದ ಬೋರು, ಅಧ್ಯಕ್ಷರು ಚಹಾ ತರಿಸಿದರು, ಕುಡಿದರು, ನಮ್ಮ ಕೇರಿಗಿ ಬಂದ ಬೋರು, ಬೆವರು ಬೆನ್ನ ಮೇಲೆ ಹರಿಯುತ್ತಿತ್ತು, ಹನ್ನೊಂದು ಸಲ ಆಯಿತು, ಹನ್ನೆರಡನೇ ಸಲಕ್ಕೆ ಯಾರೂ ಬಾಯಿ ಹಾಕಲಿಲ್ಲ, ನಮ್ಮ ಕೇರಿಗಿ ಬಂದ ಬೋರು ನಮ್ಮ ಕೇರಿಗೇ ಬೇಕ್ರಿ, ಹಳೇ ಠರಾವು ರದ್ದು ಮಾಡ್ರಿ ಅಂತ ಪೂರ್ತಿ ಹೇಳಿ ಮುಗಿಸಿದಾಗ, ಒಂದು ಇಡೀ ವಾಕ್ಯ ಹೇಳುವುದು ಇಷ್ಟು ಸುಖ ಅಂತ ನನಗೆ ಗೊತ್ತೇ ಇರಲಿಲ್ಲ, ಆರು ತಿಂಗಳಾಯಿತು, ಆದರೂ ಬಂತು ನೀರು, ಮೊದಲ ಕೊಡ ತಿಪ್ಪೇರುದ್ರಮ್ಮನೇ ಹಿಡಿದಳು.

ಹತ್ತು ಕಟ್ಟು ನಿಮ್ದು, ಹತ್ತು ಕಟ್ಟು ಅವರ್ದು ಅಂತ ಮೇಷ್ಟ್ರು ಹೇಳಿದರು, ಏನಂದರು, ಹತ್ತು ಹತ್ತು, ಒಂದು ಕಟ್ಟಿಗೆ ಇಪ್ಪತ್ತೈದು, ಇನ್ನೂರೈವತ್ತು ನನಗೆ, ಇನ್ನೂರೈವತ್ತು ಗುರುಶಾಂತನಿಗೆ, ಸಮ, ಇನ್ನು ಉಳಿದದ್ದು ಕಟ್ಟಿಗೆ ಸೇರದ ಬಿಡಿ ಚೀಟಿ, ಎರಡೂ ಟ್ರೇಗಳಲ್ಲಿ ಒಂದಿಷ್ಟು ಬಿದ್ದಿವೆ, ಯಾವುದು ಎತ್ತರ, ನನ್ನದೋ, ಅವನದೋ, ಕಾಗದ ಮಡಿಚಿದ್ದರೆ ಎತ್ತರ ಕಾಣುತ್ತದೆ, ನಂಬುವ ಹಾಗಿಲ್ಲ, ಕ್ರಾಂತಿ ನನ್ನ ಮುಂಗೈ ಹಿಡಿದಳು, ಅವ್ವ, ನಮ್ಮ ಕೇರಿಯಾಗ ಓಟು ಹಾಕಿದೋರು ಎಲ್ಲಾ ಸೇರಿ ಇನ್ನೂರ ಮೂವತ್ತು, ನಿಂಗ ಆಗಲೇ ಇನ್ನೂರೈವತ್ತು ಬಂದೈತಿ, ಅಂದ್ರ ಆಚೀ ಬೀದೀಲಿಂದ ಬಂದಾವ ಅಂತ ಕಿವಿಯಲ್ಲಿ ಅಂದಳು, ಆಚೆ ಬೀದಿ, ಆ ದೊಡ್ಡ ಬೀದಿ. ಅಲ್ಲಿಗೆ ಓಟು ಕೇಳಲು ಹೋದ ದಿನ ಬಾಗಿಲುಗಳು ನಮ್ಮನ್ನು ನೋಡಿ ಮುಚ್ಚಿಕೊಳ್ಳುತ್ತಾ ಹೋದವು, ಕೊನೆಗೆ ಗುರುಶಾಂತನ ಮನೆಯದೇ ತೆರೆದಿತ್ತು, ಕಟ್ಟೆಯ ಮೇಲೆ ಅವನ ತಾಯಿ ಅನ್ನದಾನಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು, ನಾನು ದಾಟಿ ಹೋಗುವವಳೇ, ಬಾರವ್ವ, ಎಲ್ಲಾರ ಮನಿಗಿ ಹೋಗಿ ನಮ್ಮನಿ ಯಾಕ ಬಿಡ್ತಿ ಅಂದರು, ಅಮ್ಮಾರ, ನಿಮ್ಮ ಮಗನ ಎದುರು ನಿಂತೀನ್ರಿ ಅಂದೆ, ಗೊತ್ತೈತಿ ಬಾ ಅಂದರು, ಕೈಯಲ್ಲಿನ ಬೀಜ ಬುಟ್ಟಿಗೆ ಹಾಕುತ್ತಾ ಹಾಕುತ್ತಾ, ನಾನೂ ಐದು ವರ್ಷ ಅಧ್ಯಕ್ಷಿ ಆಗಿದ್ನೆವ್ವ, ಇವರಪ್ಪ ಇದ್ದಾಗ, ಪಂಚಾಯ್ತಿ ಬಾಗ್ಲು ಮೂಡಣಕ್ಕೈತೋ ಪಡುವಣಕ್ಕೈತೋ ಇವತ್ತಿಗೂ ಗೊತ್ತಿಲ್ಲ ಅಂದರು. ಮೂಡಣಕ್ಕೈತ್ರಿ ಅಮ್ಮಾರ, ಒಳಗ ಹೋದ್ರ ಎಡಕ್ಕ ಮೀಟಿಂಗ್ ಹಾಲು, ಬೆಳಕು ಚೊಲೋ ಬರ್ತೈತಿ ಅಂದೆ, ಅವರು ಹೌದಾ ಅಂದರು, ಅಷ್ಟೇ, ಓಟು ಹಾಕುತ್ತೇನೆ ಅನ್ನಲಿಲ್ಲ, ನಾನು ಕೇಳಲೂ ಇಲ್ಲ, ಬೀದಿಯ ಮುಚ್ಚಿದ ಬಾಗಿಲುಗಳ ಹಿಂದೆ ಎಷ್ಟು ಹೆಂಗಸರು ನಿಂತು ಆ ಮಾತು ಕೇಳಿಸಿಕೊಂಡರೋ.

ಮೇಷ್ಟ್ರು ಗುರುಶಾಂತನ ಬಿಡಿ ಚೀಟಿ ಮೊದಲು ಎತ್ತಿಕೊಂಡರು, ಒಂದು, ಎರಡು, ಅವರ ಹೆಬ್ಬೆರಳಿಗೆ ಎಂಜಲು ಹಚ್ಚಿಕೊಳ್ಳುವ ಅಭ್ಯಾಸ, ಏಳು, ಎಂಟು, ನಿಲ್ಲು ನಿಲ್ಲು ಅಂತ ನನ್ನ ಮನಸ್ಸು, ಹನ್ನೊಂದು, ಹನ್ನೆರಡು, ನಿಂತಿತು, ಹನ್ನೆರಡೇ, ಈಗ ನನ್ನದು, ಒಂದು, ನಾನು ಉಸಿರು ಬಿಡುತ್ತಿಲ್ಲ, ಐದು, ಆರು, ಕ್ರಾಂತಿಯ ಉಗುರು ನನ್ನ ಮುಂಗೈಗೆ ನಾಟಿದೆ, ಹತ್ತು, ಹನ್ನೊಂದು, ಹನ್ನೆರಡು — ಇನ್ನೂ ಇದೆ, ಅವರ ಕೈಯಲ್ಲಿ ಇನ್ನೂ ಇದೆ, ಹದಿಮೂರು ಅಂದಾಗ ಮೈಯೆಲ್ಲ ಒಮ್ಮೆ ಜುಮ್ಮೆಂದಿತು, ಹದಿನೆಂಟು, ಇಪ್ಪತ್ತು, ಇಪ್ಪತ್ತೊಂದು, ಖಾಲಿ. ಮೇಡಂ ಬೋರ್ಡಿನ ಮೇಲೆ ಬರೆಯುತ್ತಾರೆ, ಗಾಳೆಮ್ಮ ಇನ್ನೂರ ಎಪ್ಪತ್ತೊಂದು, ಗುರುಶಾಂತ ಇನ್ನೂರ ಅರವತ್ತೆರಡು, ಹುಲುಗಣ್ಣ ಆರು, ಒಂಬತ್ತು ತಿರಸ್ಕೃತ, ಗುರುಶಾಂತ ಎದ್ದು ನಿಂತು ಮತ್ತೊಮ್ಮೆ ಎಣಿಸ್ರಿ ಅಂದ, ಎಣಿಸಲಿ, ಅರ್ಜಿ ಬರೆದುಕೊಟ್ಟ, ಎಣಿಸಿದರು, ಮುಕ್ಕಾಲು ಗಂಟೆ, ನಾನು ಈಗ ನೀರು ಕುಡಿದೆ, ಇಡೀ ಬಾಟಲಿ, ಅದೇ ಇಪ್ಪತ್ತೊಂದು, ಅದೇ ಹನ್ನೆರಡು. ಹುಲುಗಣ್ಣ ಹಿಂದಿನಿಂದ ಬಂದು, ಯಕ್ಕ, ನಾನೂ ನಿಂಗ ಹಾಕೀನಿ, ತಿಳೀತೇನು, ನಂದು ನಂಗ ಹಾಕ್ಕೊಂಡಿಲ್ಲ ಅಂದ, ಅವನ ಮುಖ ನೋಡಿ ನನಗೆ ನಗೆ ತಡೆಯಲಾಗಲಿಲ್ಲ, ಅವನೂ ನಕ್ಕ. ಗುರುಶಾಂತ ಹೊರಗೆ ಹೋಗುವವನು ನನ್ನ ಮೇಜಿನ ಹತ್ತಿರ ತಡೆದ, ನಮ್ಮ ಬೀದಿಯಾಗ ಯಾರ್ಯಾರು ಹಾಕಿದ್ರು ನಿನಗ ಅಂದ, ಜಗಳದ ದನಿಯಲ್ಲ, ನಿಜವಾಗಿ ತಿಳಿಯದವನ ದನಿ, ಗೊತ್ತಿಲ್ರಿ ಸಾವ್ಕಾರ್ರ, ಚೀಟಿ ಮ್ಯಾಲ ಹೆಸರು ಇರಂಗಿಲ್ಲಲ್ರಿ ಅಂದೆ, ಅವನು ಹೊರಗೆ ಹೋದ, ನನಗೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಗಾಳೆಮ್ಮ ಅವರೆ ಬರ್ರಿ, ಸಹಿ ಮಾಡಿ ಸರ್ಟಿಫಿಕೇಟು ತಗೊಳ್ರಿ ಅಂದರು ಮೇಡಂ, ನಾನು ಕಾಗದವನ್ನು ಮೊದಲಿಂದ ಕೊನೆಯವರೆಗೆ ಓದಿದೆ, ಎಲ್ಲರೂ ಕಾದರು, ಓದಿ ಮುಗಿಸಿ ಸಹಿ ಹಾಕಿದೆ.

ಕಾಲೇಜಿನ ಗೇಟಿನ ಆಚೆ ಬಿಸಿಲು, ತಮಟೆ, ಬೇರೆ ಪಂಚಾಯಿತಿಗಳ ಗೆದ್ದವರನ್ನು ಗಂಡಸರು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದಾರೆ, ನಮ್ಮ ಕೇರಿಯವರು ಒಂದು ಬದಿಗೆ, ಮಾರೇಶ್ ಕೊರಳಿಗೆ ತಮಟೆ ಹಾಕಿಕೊಂಡು ಬಾರಿಸುತ್ತಿದ್ದವನು ನಾನು ಬಂದ ಕೂಡಲೇ ನಿಲ್ಲಿಸಿದ, ಕೈಯಲ್ಲಿ ಹಾರ ಹಿಡಿದ ಗಂಡಸರು ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಗೆದ್ದವರನ್ನು ಎತ್ತಬೇಕು, ಅದು ಪದ್ಧತಿ, ಆದರೆ ಗೆದ್ದವಳನ್ನು ಯಾರು ಎತ್ತಬೇಕು, ಹೇಗೆ ಮುಟ್ಟಬೇಕು, ಹಿಂದೆ ಯಾರೂ ಮಾಡಿದ್ದಿಲ್ಲ, ನಾನೂ ಸೆರಗು ಬಿಗಿ ಮಾಡಿಕೊಂಡು ಇರ್ಲಿ ಬಿಡ್ರಪ್ಪ, ನಡಕೊಂಡ ಬರ್ತೀನಿ ಅಂದೆ, ಆಗ ತಿಪ್ಪೇರುದ್ರಮ್ಮ ಗಂಡಸರನ್ನು ಎರಡೂ ಕೈಯಿಂದ ಸರಿಸಿ ಮುಂದೆ ಬಂದಳು, ಮಣ್ಣಿನ ಬುಟ್ಟಿಗಿಂತ ಹಗುರ ಅದಾಳ, ಎತ್ರೇ ಅಂದಳು, ಎಷ್ಟು ಕೈಗಳೋ, ಮೊಣಕಾಲ ಹಿಂದೆ, ಸೊಂಟಕ್ಕೆ, ಹೂಳೆತ್ತುವ ಹೆಂಗಸರ ಒರಟು ಕೈಗಳು, ಕಾಲು ನೆಲ ಬಿಟ್ಟಿತು, ಯವ್ವಾ ಬೀಳ್ತೀನಿ ಅಂದೆ, ಬೀಳಂಗಿಲ್ಲ ಸುಮ್ನ ಕುಂದ್ರು ಅಂದರು ಯಾರೋ, ತಮಟೆ ಮತ್ತೆ ಹಿಡಿಯಿತು, ಗುಲಾಲು ಹಾರಿತು, ನಾನು ಮೇಲಿದ್ದೇನೆ, ಗೇಟಿಗಿಂತ ಮೇಲೆ, ಹೆದ್ದಾರಿ ಕಾಣುತ್ತಿದೆ, ಬಸ್ಸಿನ ಟಾಪು, ಅಂಗಡಿಗಳ ತಗಡು, ಗುಡೇಕೋಟೆ ಕಡೆಯ ಗುಡ್ಡದ ಗೆರೆ, ನಗುತ್ತಿದ್ದೇನೋ ಅಳುತ್ತಿದ್ದೇನೋ ಗೊತ್ತಿಲ್ಲ, ಅವ್ವ ಕೈ ಎತ್ತು, ಫೋಟೋ ತೆಗಿತೀನಿ ಅಂತ ಕ್ರಾಂತಿ ಕೂಗುತ್ತಾಳೆ, ಎತ್ತಬೇಕು, ಹಿಡಿದುಕೊಳ್ಳಲು ಆಸರೆಗೆ ಕೆಳಗೆ ನೋಡಿದೆ, ತಿಪ್ಪೇರುದ್ರಮ್ಮನ ತಲೆ ನನ್ನ ಮೊಣಕಾಲಿನ ಬಳಿ, ಸೆರಗು ಜಾರಿದೆ, ಇಷ್ಟು ವರ್ಷ ಜೊತೆಗೆ ಕೆಲಸ ಮಾಡಿದರೂ ಅವಳ ತಲೆಯನ್ನು ಮೇಲಿನಿಂದ ನಾನು ಯಾವತ್ತೂ ನೋಡಿಲ್ಲ, ನಡುನೆತ್ತಿಯಲ್ಲಿ ಅಂಗೈಯಗಲ ಕೂದಲಿಲ್ಲ, ಬುಟ್ಟಿ ಹೊತ್ತೂ ಹೊತ್ತೂ ಸವೆದು ನುಣ್ಣಗಾಗಿದೆ, ಅವಳ ಪಕ್ಕದವಳದೂ ಹಾಗೇ, ಅದರ ಪಕ್ಕದ್ದೂ, ಎಲ್ಲರ ನೆತ್ತಿಯಲ್ಲೂ ಅದೇ ಅಳತೆ, ಅದೇ ದುಂಡು, ನನ್ನದೂ ಹೀಗೇ ಇರಬೇಕು, ಅವ್ವ ಮ್ಯಾಲ ನೋಡು, ಇಲ್ಲಿ ನೋಡು, ನೋಡಬೇಕು, ಕಣ್ಣು ಮೇಲೇಳುತ್ತಿಲ್ಲ, ಆ ನೆತ್ತಿಯ ಮೇಲೆ ಗುಲಾಲು ಬಿದ್ದಿದೆ, ಬೆವರಿಗೆ ಕರಗುತ್ತಿದೆ, ಅಂಗೈಯಗಲ, ಕೂದಲಿಲ್ಲದ ನೆತ್ತಿ, ಕೆಂಪು, ಅವಳು ನನ್ನನ್ನು ಇನ್ನೂ ಮೇಲಕ್ಕೆ ಎತ್ತುತ್ತಿದ್ದಾಳೆ, ಆ ನೆತ್ತಿ ಬಿಟ್ಟು ನನ್ನ ಕಣ್ಣು ಕದಲುತ್ತಿಲ್ಲ.